ಕುದುರೆ ಇರುವ ಮನೆಗೆ ಕರಡಿ ಬಂದರೆ

ಹೊಳಲ್ಕೆರೆ ಅಣ್ಣಾ, ತೋಟದ ಮನೆಯಲ್ಲಿ ಎರಡು ಕುದುರೆ, ಒಂದು ಮರಿ ಇದೆ, ರಾತ್ರಿ ಕರಡಿ ಬರುತ್ತಿದೆ, ಏನು ಮಾಡೋದು ಅಂತ ಕೇಳಿದ್ದೀರಲ್ಲ. ನಮ್ಮ ಮನೆ ಚಿತ್ರದುರ್ಗದ ಜೋಗಿಮಟ್ಟಿ ಕಾಡಿನ ಕಡೆ, ನಮಗಿದು ಹಳೇ ಕಾಟ. ಕರಡಿಗೆ ನಿಮ್ಮ ಕುದುರೆ ಬೇಡ. ಅದಕ್ಕೆ ಬೇಕಾಗಿರೋದು ನೀವಿಟ್ಟಿರುವ ಬೆಲ್ಲ.

ಹೋದ ವರ್ಷ ನಮ್ಮ ಮೇವಿನ ಕೋಣೆ ಬಾಗಿಲು ಮುರಿದು, ಬೆಲ್ಲದ ಡಬ್ಬಿ ನೆಕ್ಕಿ ಹೋಯಿತು. ಸದ್ಯ ಹೋಯಿತಲ್ಲ ಅಂತ ನಾವು ಮಲಗಿಬಿಟ್ಟೆವು. ತಪ್ಪಾಗಿದ್ದೇ ಅಲ್ಲಿ. ಗಾಬರಿಯಲ್ಲಿ ಹಗ್ಗ ಕಿತ್ತುಕೊಂಡ ಹೆಣ್ಣು ಕುದುರೆ, ಹರಿದ ಚೀಲದಿಂದ ಚೆಲ್ಲಿದ್ದ ಹುರುಳಿಯನ್ನು ಬೆಳಗಾಗುವವರೆಗೂ ತಿಂದಿದೆ. ಬೆಳಿಗ್ಗೆ ನೋಡಿದರೆ ಮೈಯೆಲ್ಲ ಬೆವರು. ಮುಂಗಾಲಲ್ಲಿ ನೆಲ ಕೆರೆಯುತ್ತೆ, ತಿರುಗಿ ತಿರುಗಿ ತನ್ನ ಪಕ್ಕೆ ನೋಡಿಕೊಳ್ಳುತ್ತೆ, ದೊಪ್ಪಂತ ಬಿದ್ದು ಹೊರಳುತ್ತೆ. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ, ತಿಂದ ಕಾಳು ಒಳಗೇ ಉಬ್ಬುತ್ತೆ. ಡಾಕ್ಟರು ಮೂಗಿನಿಂದ ಪೈಪು ಇಳಿಸಿ ಹೊಟ್ಟೆ ಖಾಲಿ ಮಾಡಿದ ಮೇಲೆ ಬದುಕಿತು. ಅದಕ್ಕೇ ಹೇಳೋದು, ಹುರುಳಿ, ಬೂಸಾ, ಬೆಲ್ಲ ಎಲ್ಲ ಬಿಗಿ ಮುಚ್ಚಳದ ಡ್ರಮ್ಮಿಗೆ ಹೋಗಲಿ, ಕೋಣೆಗೆ ಕಬ್ಬಿಣದ ಬಾಗಿಲು ಹಾಕಿಸಿ. ಕುದುರೆಯನ್ನು ತುದಿ ಎಳೆದರೆ ಬಿಚ್ಚುವ ಗಂಟಿನಲ್ಲಿ ಕಟ್ಟಿ. ಸುತ್ತ ಮುಳ್ಳುತಂತಿ ಬೇಡ, ಬೆದರಿದ ಕುದುರೆ ನೇರ ಅದಕ್ಕೇ ನುಗ್ಗುತ್ತೆ.

ಬರುತ್ತಿರೋದು ಕರಡಿಯೇನಾ ಅಂತಲೂ ನೋಡಿಕೊಳ್ಳಿ. ಸಂಜೆ ಲಾಯದ ಸುತ್ತ ಒಲೆ ಬೂದಿ ಚೆಲ್ಲಿ. ಹಿಂಗಾಲಿನ ಹೆಜ್ಜೆ ಮನುಷ್ಯನ ಪಾದದ ಹಾಗಿದ್ದು, ಮುಂದೆ ಉದ್ದ ಉಗುರಿನ ಗುರುತಿದ್ದರೆ ಕರಡಿ. ದುಂಡಗೆ, ಉಗುರಿಲ್ಲದೆ ಮೂಡಿದ್ದರೆ ಚಿರತೆ. ಚಿರತೆಯಾದರೆ ಮರಿ ಜೋಪಾನ. ತಾಯಿ ಜೊತೆ ಒಳಗೆ ಕೂಡಿ, ಮಾಡಿನವರೆಗೂ ಜಾಲರಿ ಹಾಕಿಸಿ, ಅರ್ಧ ಗೋಡೆ ಅದಕ್ಕೆ ಲೆಕ್ಕಕ್ಕಿಲ್ಲ. ಕಾವಲಿಗೆ ಅಂತ ನಾಯಿಯನ್ನು ಹೊರಗೆ ಕಟ್ಟಬೇಡಿ, ಚಿರತೆಗೆ ನೀವೇ ಊಟ ಬಡಿಸಿದ ಹಾಗೆ.

ನಿಮ್ಮ ಪ್ರಶ್ನೆಗೆ ಇನ್ನೊಬ್ಬರು ಬೇಲಿ ತಂತಿಗೆ ಕರೆಂಟ್ ಕೊಡಿ ಅಂದಿದ್ದಾರೆ. ದಯವಿಟ್ಟು ಬೇಡ. ಮೊದಲು ಸಾಯೋದು ನಿಮ್ಮ ಕುದುರೆ, ಇಲ್ಲಾ ಮನೆಯವರು. ಕರಡಿ, ಚಿರತೆ ಎರಡೂ 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ, ಸತ್ತರೆ ಜೈಲು. ಸೋಲಾರ್ ಬೇಲಿ ಬೇರೆ, ಅದು ತಡೆದು ತಡೆದು ಹೊಡೆಯುತ್ತೆ, ಕೊಲ್ಲುವುದಿಲ್ಲ.

ರಾತ್ರಿ ಕುದುರೆಗಳು ಮೇಯೋದು ಬಿಟ್ಟು ಎಲ್ಲಾ ಕಿವಿ ಒಂದೇ ದಿಕ್ಕಿಗೆ ನಿಮಿರಿಸಿದರೆ ಅಲ್ಲಿ ಏನೋ ಇದೆ ಅಂತಲೇ ಲೆಕ್ಕ. ನಮ್ಮ ನಾಯಿಗಿಂತ ಅವೇ ವಾಸಿ. ಆಗ ಟಾರ್ಚ್ ಹಿಡಿದು ಸುಮ್ನೆ ಹೊರಗೆ ಹೋಗಬೇಡಿ. ಕರಡಿಗೆ ಕಣ್ಣು ಮಂದ, ಹತ್ತಿರದಲ್ಲಿ ಎದುರಾದರೆ ಗಾಬರಿಬಿದ್ದು ಮುಖಕ್ಕೇ ಪರಚುತ್ತೆ. ಒಳಗಿಂದಲೇ ತಟ್ಟೆ ಬಡಿಯಿರಿ. ಅರಣ್ಯ ಇಲಾಖೆ ಸಹಾಯವಾಣಿ 1926.

ಈಗ ಮೇವಿನ ಕೋಣೆಗೆ ಎಂಥ ಬಾಗಿಲಿದೆ? ಒಂದು ಫೋಟೋ ಹಾಕಿ, ನೋಡೋಣ.