ಟೈಮರ್ ತಿದ್ದಬೇಡಿ ಸರ್, ಮೊದಲು ಬಾಕ್ಸ್ ಗಡಿಯಾರ ಸರಿ ಮಾಡಿ

ಸರ್, ನಿಮ್ಮ ಫ್ರೀ ಡಿಶ್ ಬಾಕ್ಸಿನ ಗಡಿಯಾರ ಐದೂವರೆ ಗಂಟೆ ಹಿಂದಿದೆ ಅಂತ ರೆಕಾರ್ಡಿಂಗ್ ಟೈಮರನ್ನೂ ಐದೂವರೆ ಗಂಟೆ ಹಿಂದಕ್ಕೆ ಹಾಕಿದ್ದೀರಲ್ಲ, ಅದನ್ನು ಇವತ್ತೇ ಅಳಿಸಿ. ಚಂದನದಲ್ಲಿ ರಾತ್ರಿ ಒಂಬತ್ತೂವರೆಗೆ ಬರುವುದಕ್ಕೆ 16:00 ಅಂತ ಕೊಟ್ಟೆ, ಮೊದಲು ಸರಿಯಾಗಿ ಬಂತು, ಈಗ ಬೇರೆ ಏನೋ ರೆಕಾರ್ಡ್ ಆಗುತ್ತಿದೆ ಅಂದಿದ್ದೀರಿ. ಆಗುವುದೇ ಹಾಗೆ. ನಾನೂ ಮೊದಲು ಇದೇ ದಾರಿ ಹಿಡಿದಿದ್ದೆ, ಅದರಲ್ಲಿ ನೆಮ್ಮದಿ ಇಲ್ಲ. ವಾರಕ್ಕೊಮ್ಮೆ ಅನ್ನುವ ಟೈಮರ್ ಆದರೆ ಇನ್ನೂ ಕಷ್ಟ. ಭಾನುವಾರ ಬೆಳಗ್ಗೆ ಐದಕ್ಕೆ ಬರುವ ಭಕ್ತಿಗೀತೆ ಬಾಕ್ಸಿನ ಲೆಕ್ಕದಲ್ಲಿ ಶನಿವಾರ ರಾತ್ರಿ 23:30. ವಾರ ಬದಲಿಸುವುದು ಮರೆತರೆ ಸಿಗುವುದು ಸೋಮವಾರದ್ದು.

ನಿಮ್ಮ ಪ್ರಶ್ನೆಗೆ ಮೇಲೆ ಉತ್ತರಿಸಿದ ಇಬ್ಬರು ಫ್ಯಾಕ್ಟರಿ ರೀಸೆಟ್ ಮಾಡಿ ಅಂದಿದ್ದಾರೆ. ಬೇಡ. ಏನೇ ತೊಂದರೆ ಕೇಳಿದರೂ ರೀಸೆಟ್ ಅನ್ನುವುದನ್ನು ದಯವಿಟ್ಟು ಬಿಡಿ. ಚಾನೆಲ್ ಪಟ್ಟಿ, ಎಲ್‌ಎನ್‌ಬಿ (ಡಿಶ್ ಮುಂದೆ ಸಿಗ್ನಲ್ ಹಿಡಿಯುವ ಭಾಗ) ಸೆಟ್ಟಿಂಗ್ ಎಲ್ಲ ಹೋಗುತ್ತದೆ, ಟೈಮ್ ಝೋನ್ ಮತ್ತೆ ಕಂಪನಿ ಇಟ್ಟ ಜಾಗಕ್ಕೇ ಬಂದು ನಿಲ್ಲುತ್ತದೆ.

ಈ ಬಾಕ್ಸುಗಳು ಟೈಮ್ ತಗೊಳ್ಳುವುದು ಸಿಗ್ನಲ್‌ನಿಂದಲೇ. ಅದರಲ್ಲಿ ಟಿಡಿಟಿ ಅಂತ ಐದೇ ಬೈಟ್‌ನ ಸಮಯ ಬರುತ್ತದೆ, 30 ಸೆಕೆಂಡಿಗೆ ಒಮ್ಮೆಯಾದರೂ ಬರಬೇಕು. ತಾರೀಕನ್ನು 1858ರ ನವೆಂಬರ್ 17ರಿಂದ ದಿನ ಎಣಿಸಿ ಕಳಿಸುತ್ತಾರೆ, ಗಂಟೆ ಯುಟಿಸಿಯಲ್ಲಿ, ಅಂದರೆ ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯದಲ್ಲಿ ಇರುತ್ತದೆ. ಅದಕ್ಕೆ 5:30 ಸೇರಿಸುವುದು ಬಾಕ್ಸಿನ ಕೆಲಸ. ಟಿಒಟಿ ಅನ್ನುವ ಇನ್ನೊಂದು ಟೇಬಲ್ ಇದ್ದರೆ ಎಷ್ಟು ಸೇರಿಸಬೇಕು ಅನ್ನುವುದೂ ಬರುತ್ತದೆ. ಆದರೆ ಎಲ್ಲ ಟ್ರಾನ್ಸ್‌ಪಾಂಡರ್‌ನಲ್ಲೂ (ಉಪಗ್ರಹದಿಂದ ಒಂದು ಫ್ರೀಕ್ವೆನ್ಸಿಯಲ್ಲಿ ಕೆಲವು ಚಾನೆಲ್ ಒಟ್ಟಿಗೆ ಕಳಿಸುವ ಘಟಕ) ಅದು ಇರುವುದಿಲ್ಲ. ಆದ್ದರಿಂದಲೇ ಮೆನುವಿನಲ್ಲಿ ಜಿಎಂಟಿ, ಅಂದರೆ ಟೈಮ್ ಝೋನ್, ಆಟೋ ಇಟ್ಟರೆ ಒಂದು ಚಾನೆಲ್‌ನಲ್ಲಿ ಸರಿಯಾದ ಟೈಮ್, ಇನ್ನೊಂದರಲ್ಲಿ ತಪ್ಪು. ನೀವು ತಿದ್ದಿ ಹಾಕಿದ ಟೈಮರ್ ಕೈಕೊಟ್ಟಿದ್ದೂ ಇದರಿಂದಲೇ ಇರಬೇಕು. ಮನೆಯಲ್ಲಿ ಯಾರೋ ಚಾನೆಲ್ ಬದಲಿಸಿದ್ದಾರೆ, ಗಡಿಯಾರ ಐದೂವರೆ ಗಂಟೆ ಮುಂದೆ ಬಂದು ಸರಿಯಾಗಿದೆ, ಟೈಮರ್ ಮಾತ್ರ ಹಳೇ ಲೆಕ್ಕದಲ್ಲೇ ಮಧ್ಯಾಹ್ನ ನಾಲ್ಕಕ್ಕೆ ಓಡಿದೆ.

ಹಾಗಾಗಿ ಗಡಿಯಾರ ಎಷ್ಟು ತಪ್ಪಿದೆ ಅಂತ ಮೊದಲು ನೋಡಿ. ಸರಿಯಾಗಿ ಐದೂವರೆ ಗಂಟೆ ಹಿಂದೆ ಇದ್ದರೆ ಝೋನ್ ಸೊನ್ನೆಯಲ್ಲಿದೆ. ಐದೂವರೆ ಗಂಟೆ ಮುಂದೆ ಇದ್ದರೆ ಆ ಚಾನೆಲ್‌ನವರು ಯುಟಿಸಿ ಬದಲು ನಮ್ಮ ಸಮಯವನ್ನೇ ತುಂಬಿ ಕಳಿಸುತ್ತಿದ್ದಾರೆ, ಬಾಕ್ಸ್ ಅದಕ್ಕೆ ಇನ್ನೊಂದು ಸಲ ಸೇರಿಸುತ್ತಿದೆ. ಒಂದು ಗಂಟೆ ಮುಂದಿದ್ದರೆ ಸಮ್ಮರ್ ಟೈಮ್ (ಬೇಸಿಗೆಯಲ್ಲಿ ಗಡಿಯಾರ ಒಂದು ಗಂಟೆ ಮುಂದಿಡುವ ಹೊರದೇಶದ ಪದ್ಧತಿ) ಆನ್ ಆಗಿದೆ, ಆಫ್ ಮಾಡಿ, ನಮಗೆ ಅದು ಬೇಕಾಗಿಲ್ಲ. ಅರ್ಧ ಗಂಟೆ ಹೆಚ್ಚುಕಮ್ಮಿ ಇದ್ದರೆ ಊರಿನ ಪಟ್ಟಿಯಲ್ಲಿ ಕರಾಚಿ ಅಥವಾ ಢಾಕಾ ಆಯ್ಕೆಯಾಗಿರುತ್ತದೆ, ಒಂದು +5, ಇನ್ನೊಂದು +6. ವರ್ಷ 1970 ಅಥವಾ 2000 ಅಂತ ತೋರಿಸಿದರೆ ಕರೆಂಟ್ ಬಂದ ಮೇಲೆ ಬಾಕ್ಸಿಗೆ ಇನ್ನೂ ಸಮಯವೇ ಸಿಕ್ಕಿಲ್ಲ. ಕೆಲವೇ ನಿಮಿಷ ತಪ್ಪಿದ್ದರೆ ಅದು ಆ ಟ್ರಾನ್ಸ್‌ಪಾಂಡರ್‌ನದೇ ಗಡಿಯಾರದ ದೋಷ, ನಿಮ್ಮ ಮೆನುವಿನಲ್ಲಿ ಎಷ್ಟು ಹುಡುಕಿದರೂ ಸರಿ ಹೋಗುವುದಿಲ್ಲ.

ನಿಮ್ಮದಕ್ಕೆ ಮದ್ದು ಸುಲಭ. ಜಿಎಂಟಿ ಯೂಸೇಜ್‌ನಲ್ಲಿ ಆಟೋ ಬಿಟ್ಟು ಯೂಸರ್ ಡಿಫೈನ್ಡ್, ಆಫ್‌ಸೆಟ್ +05:30, ಸಮ್ಮರ್ ಟೈಮ್ ಆಫ್. ಜಿಎಂಟಿಯನ್ನೇ ಆಫ್ ಮಾಡಿ ಕೈಯಿಂದ ಟೈಮ್ ತುಂಬಬೇಡಿ. ಒಂದು ಸಲ ಕರೆಂಟ್ ಹೋದರೆ ಅದು ಅಳಿಸಿಹೋಗುತ್ತದೆ, ಆಮೇಲೆ ಯಾವ ಚಾನೆಲ್ ಹಾಕಿದರೂ ತಾನಾಗಿ ತಿದ್ದಿಕೊಳ್ಳುವುದೂ ಇಲ್ಲ.

ಇನ್ನೊಂದು ವಿಷಯ, ಇದನ್ನು ಯಾರೂ ಹೇಳುವುದಿಲ್ಲ. ಬಾಕ್ಸನ್ನು ಯಾವ ಚಾನೆಲ್ ಮೇಲೆ ಬಿಟ್ಟು ಮಲಗಿಸುತ್ತೀರಿ, ಅಂದರೆ ಸ್ಟ್ಯಾಂಡ್‌ಬೈಗೆ ಹಾಕುತ್ತೀರಿ ಅನ್ನುವುದು ತುಂಬಾ ಮುಖ್ಯ. ಕಡೆಯದಾಗಿ ನೋಡಿದ ಟ್ರಾನ್ಸ್‌ಪಾಂಡರ್‌ನಿಂದ ಟೈಮ್ ತಗೊಂಡು, ಸ್ಟ್ಯಾಂಡ್‌ಬೈನಲ್ಲಿ ಅದೇ ಲೆಕ್ಕ ಮುಂದುವರಿಸುವ ಬಾಕ್ಸುಗಳೇ ಜಾಸ್ತಿ. ಅಲ್ಲಿ ಎಂಟು ನಿಮಿಷ ತಪ್ಪಿದ್ದರೆ ನಿಮ್ಮ ರೆಕಾರ್ಡಿಂಗೂ ಎಂಟು ನಿಮಿಷ ತಪ್ಪುತ್ತದೆ. ಫೋನ್ ಪಕ್ಕದಲ್ಲಿಟ್ಟುಕೊಂಡು ಪ್ರತಿ ಫ್ರೀಕ್ವೆನ್ಸಿಗೆ ಒಂದೊಂದು ಚಾನೆಲ್ ಹಾಕಿ, ಒಂದು ನಿಮಿಷ ಕಾಯಿರಿ, ಇನ್ಫೋ ಒತ್ತಿ ಸಮಯ ಹೋಲಿಸಿ, ಬರೆದಿಟ್ಟುಕೊಳ್ಳಿ. ಒಂದೇ ಫ್ರೀಕ್ವೆನ್ಸಿಯ ಎಲ್ಲ ಚಾನೆಲ್ಲಿಗೂ ಒಂದೇ ಗಡಿಯಾರ, ಹಾಗಾಗಿ ಇದು ದೊಡ್ಡ ಕೆಲಸ ಅಲ್ಲ. ಸರಿಯಾಗಿರುವುದು ಸಿಕ್ಕಿದರೆ ಅದೇ ನಿಮ್ಮ ಗಡಿಯಾರ ಚಾನೆಲ್. ಮಲಗಿಸುವ ಮುಂಚೆ ಅಲ್ಲಿಗೆ ಹೋಗಿ, ಸ್ವಲ್ಪ ಹೊತ್ತು ಬಿಟ್ಟು, ರಿಮೋಟ್‌ನಿಂದ ಸ್ಟ್ಯಾಂಡ್‌ಬೈ ಮಾಡಿ.

ಒಂದೇ ರಾತ್ರಿ ಎರಡು ಟೈಮರ್ ಇದ್ದರೆ ಇಷ್ಟು ಸಾಲದು. ಮೊದಲನೇ ರೆಕಾರ್ಡಿಂಗ್ ತಪ್ಪು ಗಡಿಯಾರದ ಚಾನೆಲ್‌ನಲ್ಲಿ ಆದರೆ ಬಾಕ್ಸ್ ಆ ತಪ್ಪು ಸಮಯ ಹಿಡಿದುಕೊಂಡೇ ಮಲಗುತ್ತದೆ, ಎರಡನೆಯದು ಕೈತಪ್ಪುತ್ತದೆ. ಅದಕ್ಕೆ ನಾನು ಎರಡರ ನಡುವೆ ಗಡಿಯಾರ ಚಾನೆಲ್‌ಗೆ ಐದು ನಿಮಿಷದ ಒಂದು ಟೈಮರ್ ಹಾಕುತ್ತೇನೆ. ರೆಕಾರ್ಡ್ ಅಲ್ಲ, ಸುಮ್ನೆ ಚಾನೆಲ್ ತೆರೆಯುವ ಟೈಮರ್. ಬಾಕ್ಸ್ ಎದ್ದು, ಟೈಮ್ ಸರಿ ಮಾಡಿಕೊಂಡು ಮತ್ತೆ ಮಲಗುತ್ತದೆ. ಎರಡನೇ ರೆಕಾರ್ಡಿಂಗ್‌ಗಿಂತ ಅರ್ಧ ಗಂಟೆ ಮುಂಚೆಯಾದರೂ ಇರಲಿ, ಯಾಕೆಂದರೆ ಇದು ಏಳುವುದೂ ಆ ತಪ್ಪು ಗಡಿಯಾರ ನೋಡಿಕೊಂಡೇ. ಜೊತೆಗೆ ಪ್ರತಿ ಟೈಮರಿಗೂ ಹಿಂದೆ ಮುಂದೆ ಐದೈದು ನಿಮಿಷ ಜಾಸ್ತಿ ಕೊಡಿ.

ಇಪಿಜಿಯಿಂದ, ಅಂದರೆ ಟಿವಿ ಮೇಲೆ ಬರುವ ಕಾರ್ಯಕ್ರಮಗಳ ವೇಳಾಪಟ್ಟಿಯಿಂದ ಟೈಮರ್ ಹಾಕಿದರೆ ಝೋನ್ ತಪ್ಪಿದ್ದರೂ ರೆಕಾರ್ಡ್ ಸರಿಯಾಗಿ ಬರಬಹುದು, ಕಾರ್ಯಕ್ರಮದ ಸಮಯವೂ ಯುಟಿಸಿಯಲ್ಲೇ ಬರುತ್ತದಲ್ಲ, ಎರಡೂ ಒಟ್ಟಿಗೇ ತಪ್ಪಿರುತ್ತವೆ. ಹಾಗಂತ ಝೋನ್ ಹಾಗೇ ಬಿಡಬೇಡಿ.

ಎಲ್ಲಕ್ಕಿಂತ ಜಾಸ್ತಿ ಟೈಮರ್ ಕೆಡಿಸುವುದು ಗೋಡೆಯ ಸ್ವಿಚ್. ರಾತ್ರಿ ಮಲಗುವಾಗ ಟಿವಿ ಬೋರ್ಡ್ ಸ್ವಿಚ್ ಆಫ್ ಮಾಡುವ ಅಭ್ಯಾಸ ನಮ್ಮ ಮನೆಗಳಲ್ಲಿ ಇದೆ, ಒಳ್ಳೆಯ ಅಭ್ಯಾಸವೇ, ಆದರೆ ಬಾಕ್ಸಿಗೆ ಕರೆಂಟ್ ಇಲ್ಲದಿದ್ದರೆ ಏಳುವುದು ಹೇಗೆ? ಟಿವಿಗೆ ಒಂದು ಸಾಕೆಟ್, ಬಾಕ್ಸಿಗೆ ಬೇರೆ ಸಾಕೆಟ್ ಮಾಡಿ, ಮನೆಯವರಿಗೆ ಹೇಳಿಬಿಡಿ. ಮೇ ತಿಂಗಳ ಸಂಜೆ ಮಳೆಯಲ್ಲಿ ಕರೆಂಟ್ ಹೋಗಿ ಬಂದರೆ ಕೆಲವು ಬಾಕ್ಸ್ ನೇರ ಸ್ಟ್ಯಾಂಡ್‌ಬೈಗೆ ಹೋಗುತ್ತವೆ, ಟ್ಯೂನ್ ಆಗುವುದೇ ಇಲ್ಲ, ಟೈಮೂ ಇಲ್ಲ ಟೈಮರೂ ಇಲ್ಲ. ಯುಪಿಎಸ್ ಇದ್ದರೆ ಬಾಕ್ಸನ್ನು ಅದಕ್ಕೆ ಹಾಕಿ. ಎಲ್‌ಎನ್‌ಬಿಗೂ ಬಾಕ್ಸಿನಿಂದಲೇ ಪವರ್ ಹೋಗುವುದರಿಂದ ಬೇರೆ ಏನೂ ಬೇಕಾಗಿಲ್ಲ.

ಎನಿಗ್ಮಾ2 ಸಾಫ್ಟ್‌ವೇರ್‌ನ ಬಾಕ್ಸ್ ಇರುವವರು, ಅಂದರೆ ವಿಯು ಪ್ಲಸ್, ಡ್ರೀಮ್‌ಬಾಕ್ಸ್ ಥರದ್ದು, ಟೈಮ್ ಸಿಂಕ್ ಅನ್ನು ಟ್ರಾನ್ಸ್‌ಪಾಂಡರ್‌ನಿಂದ ಇಂಟರ್ನೆಟ್‌ಗೆ ಬದಲಿಸಿ. ರೆಕಾರ್ಡಿಂಗೇ ಮುಖ್ಯ ಅನ್ನುವವರಿಗೆ ನನ್ನ ಮಟ್ಟಿಗೆ ಇವೇ ಸರಿ. ಆದರೆ ರೂಟರನ್ನೂ ಯುಪಿಎಸ್ ಮೇಲೆ ಇಡಿ, ಅದು ತಡವಾಗಿ ಏಳುತ್ತದೆ, ಅಷ್ಟರಲ್ಲಿ ಬಾಕ್ಸ್ ಟೈಮ್ ಕೇಳಿ ಸೋತಿರುತ್ತದೆ. ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಹೆಸರಿಲ್ಲದ ಅಗ್ಗದ ಬಾಕ್ಸ್ ತಗೊಳ್ಳುವವರು +05:30 ಕೈಯಿಂದ ಕೊಡಲು ಬರುತ್ತದಾ ಅಂತ ಅಂಗಡಿಯಲ್ಲೇ ಮೆನು ತೆರೆಸಿ ನೋಡಿ. ಅರ್ಧ ಗಂಟೆ ಲೆಕ್ಕವೇ ಇಲ್ಲದ ಬಾಕ್ಸ್ ಯಾವ ಬೆಲೆಗೂ ಬೇಡ.

ರೆಕಾರ್ಡಿಂಗ್ ಮಧ್ಯದಲ್ಲೇ ನಿಂತರೆ ಟೈಮರನ್ನು ಬೈಯಬೇಡಿ, ಪೆನ್‌ಡ್ರೈವ್ ನೋಡಿ. ಎಫ್‌ಎಟಿ32 ಅನ್ನುವ ಫಾರ್ಮ್ಯಾಟ್‌ನಲ್ಲಿ ಒಂದು ಫೈಲ್ 4 ಜಿಬಿ ದಾಟುವ ಹಾಗಿಲ್ಲ. 4 ಎಂಬಿಪಿಎಸ್ (ಸೆಕೆಂಡಿಗೆ 4 ಮೆಗಾಬಿಟ್) ಚಾನೆಲ್ ಗಂಟೆಗೆ 1.8 ಜಿಬಿ ತಿನ್ನುತ್ತದೆ, ಎರಡು ಗಂಟೆ ದಾಟಿದ ಸ್ವಲ್ಪ ಹೊತ್ತಿಗೇ ಮಿತಿ ಬಂತು. ಕೆಲವು ಬಾಕ್ಸ್ ಫೈಲ್ ತುಂಡು ಮಾಡಿ ಮುಂದುವರಿಸುತ್ತವೆ, ಕೆಲವು ನಿಲ್ಲಿಸಿಬಿಡುತ್ತವೆ. ಮಾರ್ಚ್ ಮಧ್ಯದಲ್ಲಿ, ಸೆಪ್ಟೆಂಬರ್ ಕೊನೆಯಲ್ಲಿ ಮಧ್ಯಾಹ್ನಕ್ಕೆ ಮುಂಚೆ ಕೆಲವು ನಿಮಿಷ ಚಿತ್ರ ಒಡೆದರೆ ಸೂರ್ಯ ಉಪಗ್ರಹದ ಹಿಂದೆ ಬಂದಿರುತ್ತಾನೆ, ಡಿಶ್ ಅಲ್ಲಾಡಿಸಲು ಹೋಗಬೇಡಿ.

ಇನ್ನು ಚಾನೆಲ್ ಮತ್ತೆ ಸ್ಕ್ಯಾನ್ ಮಾಡಿದ ಮೇಲೆ ಹಳೇ ಟೈಮರ್ ಎಲ್ಲ ತೆಗೆದು ಹೊಸದಾಗಿ ಹಾಕಿ. ಪಟ್ಟಿಯ ನಂಬರ್ ನೋಡಿ ನಡೆಯುವ ಬಾಕ್ಸ್ ಆದರೆ ಅದೇ ನಂಬರಿಗೆ ಬಂದು ಕೂತ ಬೇರೆ ಚಾನೆಲ್ ರೆಕಾರ್ಡ್ ಆಗುತ್ತದೆ. ಫ್ರೀ ಡಿಶ್‌ನಲ್ಲಿ ಚಾನೆಲ್‌ಗಳು ಬಂದು ಹೋಗುತ್ತಲೇ ಇರುತ್ತವೆ, ಅಲ್ವಾ?

ಇವತ್ತು ಝೋನ್ ಸರಿ ಮಾಡಿ, ಹತ್ತು ನಿಮಿಷದ ಒಂದು ಟೈಮರ್ ಹಾಕಿ ನೋಡಿ. ಆಗಲೂ ತಪ್ಪಿದರೆ ಟೈಮ್ ಮೆನುವಿನ ಫೋಟೊ, ಫ್ರೀಕ್ವೆನ್ಸಿಗೆ ಎಷ್ಟು ನಿಮಿಷ ವ್ಯತ್ಯಾಸ ಅನ್ನುವ ಪಟ್ಟಿ ಎರಡನ್ನೂ ಇಲ್ಲೇ ಹಾಕಿ. 93.5 ಡಿಗ್ರಿಯ ಉಪಗ್ರಹ, ಅಂದರೆ ಫ್ರೀ ಡಿಶ್ ನೋಡುವ ಇತರರಿಗೂ ಆ ಪಟ್ಟಿ ಬೇಕು.