ಯೂಲ್‌ಗೆ ಕರೆದಿದ್ದಾರೆ, ಹೋಗಲೋ ಬೇಡವೋ?

ಇಂಗ್ಲೆಂಡಿನ ಲೀಡ್ಸ್‌ಗೆ ಬಂದು ಮೂರು ತಿಂಗಳು, ಜೊತೆಗಿರುವ ಹುಡುಗಿ ವಿಕ್ಕ ಪಂಥದವಳು, ಡಿಸೆಂಬರ್ 21ರ ಸಂಜೆ ಯೂಲ್ ಎಂಬ ಚಳಿಗಾಲದ ಸೂರ್ಯನ ಹಬ್ಬಕ್ಕೆ ಕರೆದಿದ್ದಾಳೆ, ಊರಲ್ಲಿ ಅಮ್ಮ ‘ಮಾಟ ಮಂತ್ರದವರ ಸಹವಾಸ ಬೇಡ’ ಅಂತಿದ್ದಾರೆ, ಹೋದರೆ ಏನು ತಗೊಂಡು ಹೋಗಲಿ ಅಂತ ಕೇಳಿದ್ದೀರಿ. ಧಾರಾಳವಾಗಿ ಹೋಗಿ ಬನ್ನಿ.

ಮೊದಲು ಅಮ್ಮನಿಗೆ ಉತ್ತರ. ವಿಕ್ಕ ಅನ್ನುವುದು ಜೆರಾಲ್ಡ್ ಗಾರ್ಡ್ನರ್ ಎಂಬ ನಿವೃತ್ತ ಕಸ್ಟಮ್ಸ್ ಅಧಿಕಾರಿ 1950ರ ದಶಕದಲ್ಲಿ ಬೆಳಕಿಗೆ ತಂದ ಹೊಸ ಧರ್ಮ. ಮಾಟದ ವಿರುದ್ಧ ಇದ್ದ ಹಳೇ ಕಾಯ್ದೆ 1951ರಲ್ಲೇ ರದ್ದಾಗಿದೆ. 2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 13,000 ಮಂದಿ ತಮ್ಮ ಧರ್ಮ ವಿಕ್ಕ ಅಂತ ಬರೆಸಿದ್ದಾರೆ. ಸೈತಾನನ ಪೂಜೆ ಇಲ್ಲ, ಅವರ ನಂಬಿಕೆಯಲ್ಲಿ ಸೈತಾನನೇ ಇಲ್ಲ. ವರ್ಷಕ್ಕೆ ಎಂಟು ಹಬ್ಬ. ಯೂಲ್ ದಿನ ದೇವಿಯ ಹೊಟ್ಟೆಯಲ್ಲಿ ಸೂರ್ಯ ಮತ್ತೆ ಹುಟ್ಟುತ್ತಾನೆ, ಅಷ್ಟೇ ಕತೆ. ಅನೇಕ ಮನೆಗಳಲ್ಲಿ ಯೂಲ್‌ಗೆ ತಂದಿಟ್ಟ ಮರಕ್ಕೇ ಕ್ರಿಸ್ಮಸ್ ಅಲಂಕಾರವೂ ಆಗುತ್ತದೆ, 25ರಂದು ಅಜ್ಜಿ ಮನೆಯ ಊಟಕ್ಕೂ ಹೋಗುತ್ತಾರೆ. ಯಾರೂ ಮುನಿಸಿಕೊಳ್ಳುವುದಿಲ್ಲ.

ಎಡವುವುದು ನಂಬಿಕೆಯ ವಿಷಯದಲ್ಲಲ್ಲ, ನಡವಳಿಕೆಯಲ್ಲಿ. ಪೂಜೆಗೆ ಮುಂಚೆ ನೆಲದ ಮೇಲೆ ಒಂದು ವೃತ್ತ ‘ಹಾಕುತ್ತಾರೆ’. ಬಲಸುತ್ತಾಗಿ, ನಮ್ಮ ಪ್ರದಕ್ಷಿಣೆಯ ದಿಕ್ಕಿನಲ್ಲೇ ನಡೆದು ಹಾಕುವುದು. ಮುಗಿದ ಮೇಲೆ ಹಲವರು ಎಡಸುತ್ತಾಗಿ ಬಿಚ್ಚುತ್ತಾರೆ. ನಡುವೆ ಎದ್ದು ಹೊರಗೆ ಹೋಗುವ ಹಾಗಿಲ್ಲ. ಅವಸರ ಬಿದ್ದರೆ ಹೇಳಿ, ವೃತ್ತದಲ್ಲಿ ‘ಬಾಗಿಲು’ ತೆರೆದು ಕಳಿಸುತ್ತಾರೆ. ಹಾಗಾಗಿ ಬಾತ್‌ರೂಮಿಗೆ ಮೊದಲೇ ಹೋಗಿ ಬನ್ನಿ, ಫೋನ್ ಕೋಟಿನ ಜೇಬಿನಲ್ಲೇ ಇರಲಿ. ಪೀಠದ ಮೇಲೆ ಕಪ್ಪು ಹಿಡಿಯ ಚಾಕು ಕಂಡರೆ ಗಾಬರಿ ಬೇಡ. ಅಥಾಮೆ ಅನ್ನುವ ಅದು ದಿಕ್ಕು ತೋರಿಸಲು, ವೃತ್ತ ಗೀರಲು, ಹಣ್ಣು ಹೆಚ್ಚಲಿಕ್ಕಲ್ಲ. ದೇವರ ಮನೆಯ ಸಾಮಾನು ಯಾರಾದರೂ ಎತ್ತಿ ನೋಡಿದರೆ ನಮಗೆ ಹೇಗೋ ಅವರಿಗೂ ಹಾಗೆ, ಮುಟ್ಟಬೇಡಿ. ಬಟ್ಟಲು ಕೈಯಿಂದ ಕೈಗೆ ಬರುತ್ತದೆ. ಒಳಗೆ ಸೈಡರ್ ಇರಬಹುದು, ಈ ದೇಶದಲ್ಲಿ ಸೈಡರ್ ಅಂದರೆ ಮದ್ಯ. ಕುಡಿಯದಿದ್ದರೆ ಸ್ವಲ್ಪ ಎತ್ತಿ ಹಿಡಿದು ಪಕ್ಕದವರಿಗೆ ಕೊಡಿ, ಸಾಕು.

ಇನ್ನು ತಿಂಡಿ. ಎಲ್ಲರೂ ಒಂದೊಂದು ತರುತ್ತಾರೆ. ಎಳ್ಳು-ಬೆಲ್ಲ ಒಯ್ಯುವ ಆಸೆ ಸಹಜ, ಆದರೆ ಇಲ್ಲಿ ಕಾನೂನು ಪಟ್ಟಿ ಮಾಡಿರುವ 14 ಅಲರ್ಜಿ ಪದಾರ್ಥಗಳಲ್ಲಿ ಎಳ್ಳೂ ಇದೆ, ಕಡಲೆಕಾಯಿಯೂ ಇದೆ. ಸರಿ, ಚಿತ್ರಾನ್ನ ಅಂತೀರಾ? ಸಾಸಿವೆಯೂ ಪಟ್ಟಿಯಲ್ಲಿದೆ. ಡಬ್ಬಿಯ ಇಂಗಿನಲ್ಲಿ ಸಾಮಾನ್ಯವಾಗಿ ಗೋಧಿ ಹಿಟ್ಟು ಬೆರೆತಿರುತ್ತದೆ, ಅದೂ ಪಟ್ಟಿಯಲ್ಲಿದೆ. ಬೆಲ್ಲದ ಕೊಬ್ಬರಿ ಮಿಠಾಯಿ ಮಾಡಿ, ಹಾಲು-ತುಪ್ಪವನ್ನೂ ಮುಟ್ಟದ ವೀಗನ್‌ಗಳಿಗೂ ಆಗುತ್ತದೆ. ಎರಡು ಬಟ್ಟಲು ತೆಂಗಿನತುರಿಗೆ ಒಂದೂಕಾಲು ಬಟ್ಟಲು ಬೆಲ್ಲ. ಬೆಲ್ಲವನ್ನು ಕಾಲು ಬಟ್ಟಲು ನೀರಲ್ಲಿ ಕರಗಿಸಿ ಸೋಸಿ, ತುರಿ ಹಾಕಿ, ಸಣ್ಣ ಉರಿಯಲ್ಲಿ ತಳ ಬಿಡುವವರೆಗೆ ಕೈಯಾಡಿಸಿ, ಏಲಕ್ಕಿ ಉದುರಿಸಿ. ತಟ್ಟೆಗೆ ತುಪ್ಪದ ಬದಲು ತೆಂಗಿನೆಣ್ಣೆ ಸವರಿ. ಬೇಗ ಇಳಿಸಿದರೆ ಅಂಟಂಟು, ತಡವಾದರೆ ಪುಡಿ ಪುಡಿ. ಪ್ಯಾಕೆಟ್ಟಿನ ಒಣ ತುರಿಯಾದರೆ ಅರ್ಧ ಬಟ್ಟಲು ತೆಂಗಿನ ಹಾಲು ಚಿಮುಕಿಸಿ ಹತ್ತು ನಿಮಿಷ ನೆನೆಸಿ, ಇಲ್ಲದಿದ್ದರೆ ಬೆಲ್ಲವನ್ನೆಲ್ಲ ಹೀರಿ ಉದುರುತ್ತದೆ. ಏನೇನು ಹಾಕಿದೆ ಅಂತ ಚೀಟಿ ಬರೆದಿಡಿ.

ಯೂಲ್ ಕೊರಡು ಮಾಡಲು ಕೈಜೋಡಿಸು ಅನ್ನಬಹುದು. ಕಟ್ಟಿಗೆ ಉರಿಸುವ ಒಲೆ ಇಲ್ಲದ ಮನೆಗಳಲ್ಲಿ ಕೊರಡನ್ನು ಸುಡುವುದಿಲ್ಲ, ಮೂರು ತೂತು ಕೊರೆದು ಮೇಣದಬತ್ತಿ ನಿಲ್ಲಿಸುತ್ತಾರೆ. ಊಟದ ಮೇಜಿನ ಉದ್ದ ಬತ್ತಿಗೆ 22 ಮಿ.ಮೀ. ಡ್ರಿಲ್ ಬಿಟ್ ಸರಿ, ಆಳ ಎರಡೂವರೆ ಸೆಂ.ಮೀ. ಕೊರಡಿನ ತಳ ಚಪ್ಪಟೆ ಮಾಡಲು ಮರೆತರೆ ಹೊತ್ತಿಸಿದ ಮೇಲೆ ಉರುಳುತ್ತದೆ. ಸುತ್ತ ಇಡುವ ಫರ್ ಮರದ ಎಲೆ, ರೋಸ್ಮರಿ ಹೀಟರ್ ಬಿಸಿಗೆ ವಾರದಲ್ಲೇ ಒಣಗಿ ಥಟ್ಟನೆ ಹೊತ್ತಿಕೊಳ್ಳುತ್ತವೆ, ಆದ್ದರಿಂದ ಹಸಿರನ್ನು ಅದೇ ದಿನ ತನ್ನಿ, ಬತ್ತಿ ಐದು ಸೆಂ.ಮೀ.ಗೆ ಇಳಿದಾಗ ಆರಿಸಿ. ಅಲಂಕಾರಕ್ಕೆ ತರುವ ಹಾಲಿ, ಮಿಸಲ್‌ಟೋ ಗಿಡಗಳ ಹಣ್ಣು ನೋಡಲು ಚೆಂದ, ತಿಂದರೆ ವಿಷ. ಮನೆಯಲ್ಲಿ ಮಗುವೋ ಬೆಕ್ಕೋ ಇದ್ದರೆ ಎತ್ತರಕ್ಕೆ ಕಟ್ಟಿ. ಒಲೆ ಇರುವ ಮನೆಯಾದರೆ ಕೊರಡು ಪೂರ್ತಿ ಒಣಗಿರಬೇಕು, ಹಸಿ ಮರ ಉರಿಯುವುದಕ್ಕಿಂತ ಹೊಗೆಯಾಡುವುದೇ ಹೆಚ್ಚು. ಕೊನೆಗೆ ಒಂದು ತುಂಡು ಎತ್ತಿಟ್ಟು ಮುಂದಿನ ವರ್ಷದ ಬೆಂಕಿ ಅದರಿಂದಲೇ ಹೊತ್ತಿಸುವುದು ಪದ್ಧತಿ.

ಒಂದು ಮಾತು ಮಾತ್ರ ಅಲ್ಲಿ ಆಡಬೇಡಿ: ‘ಓ, ಇದು ನಮ್ಮ ಸಂಕ್ರಾಂತಿಯೇ.’ ಸಂಬಂಧ ಇದೆ, ಆದರೆ ಲೆಕ್ಕ ಬೇರೆ. ಸೂರ್ಯ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21 ಅಥವಾ 22ಕ್ಕೆ, ಯೂಲ್ ಬರುವುದೂ ಆಗಲೇ. ನಮ್ಮ ಪಂಚಾಂಗ ನಕ್ಷತ್ರಗಳನ್ನು ಹಿಡಿದು ಎಣಿಸುತ್ತದೆ, ಭೂಮಿಯ ಅಕ್ಷವೋ 72 ವರ್ಷಕ್ಕೆ ಒಂದು ಡಿಗ್ರಿಯಷ್ಟು ಸರಿಯುತ್ತದೆ. ಹಾಗೆ ಈಗ 24 ಡಿಗ್ರಿ ಅಂತರ ಬಿದ್ದು ಮಕರ ಸಂಕ್ರಾಂತಿ ಜನವರಿ 14-15ಕ್ಕೆ ಬಂದಿದೆ. ಸುಮಾರು 1,700 ವರ್ಷಗಳ ಹಿಂದೆ ಎರಡೂ ಒಂದೇ ದಿನ ಬರುತ್ತಿದ್ದವು. ಇಷ್ಟು ಹೇಳಿದರೆ ಅವರೇ ಕುತೂಹಲದಿಂದ ಕೇಳುತ್ತಾರೆ.

ಲೀಡ್ಸ್‌ನಲ್ಲಿ ಆ ದಿನ ಹಗಲು ಏಳೂವರೆ ಗಂಟೆಯೂ ಇರುವುದಿಲ್ಲ, ನಾಲ್ಕಕ್ಕೆ ಮುಂಚೆ ಕತ್ತಲು. ಮರುದಿನದಿಂದ ಹಗಲು ಬೆಳೆದರೂ ಬೆಳಗಿನ ಕತ್ತಲೆ ಹೊಸ ವರ್ಷದವರೆಗೆ ಇನ್ನೂ ಒಂದೆರಡು ನಿಮಿಷ ಹೆಚ್ಚುತ್ತದೆ, ಲಾಭವೆಲ್ಲ ಸಂಜೆಗೆ. ಪೂಜೆ ಹಿತ್ತಲಲ್ಲಿ ನಡೆದರೆ ಎರಡು ಜೊತೆ ಕಾಲುಚೀಲ ಹಾಕಿಕೊಳ್ಳಿ.