ಮೊದಲ ಸಲ ಸಲೂನಿನಲ್ಲಿ ಕೃತಕ ಉಗುರು ಹಾಕಿಸುವ ಮುಂಚೆ ಏನೇನು ಗೊತ್ತಿರಬೇಕು?

ಮುಂದಿನ ತಿಂಗಳು ಅಕ್ಕನ ಮದುವೆ, ಮೊದಲ ಸಲ ನೈಲ್ ಎಕ್ಸ್‌ಟೆನ್ಶನ್ ಮಾಡಿಸಬೇಕು ಅಂತಿದ್ದೀನಿ, ನನ್ನ ಉಗುರು ಹಾಳಾಗುತ್ತಾ ಅಂತ ಕೇಳಿದ್ದೀರಿ. ನಾನು ಕೆಲವು ವರ್ಷಗಳಿಂದ ಹಾಕಿಸುತ್ತಿದ್ದೇನೆ. ನಾನು ನೋಡಿದ ಮಟ್ಟಿಗೆ ಉಗುರು ಹಾಳಾಗುವುದು ಹಾಕಿಸುವಾಗ ಅಲ್ಲ, ತೆಗೆಯುವಾಗಲೇ ಜಾಸ್ತಿ. ಹಾಗಾಗಿ ಸಲೂನಿಗೆ ಫೋನ್ ಮಾಡಿದಾಗ ಡಿಸೈನ್, ರೇಟು ಆಮೇಲೆ ಕೇಳಿ. ಮೊದಲು ಕೇಳಬೇಕಾದ್ದು: "ತೆಗೆಯುವುದು ಹೇಗೆ? ಎಷ್ಟು ಹೊತ್ತು ಹಿಡಿಯುತ್ತೆ? ಅದಕ್ಕೆ ಬೇರೆ ದುಡ್ಡಾ?"

ಸರಿಯಾಗಿ ತೆಗೆಯುವವರು ಮೊದಲು ಮೇಲಿನ ಹೊಳಪಿನ ಪದರವನ್ನು ಫೈಲ್ ಮಾಡುತ್ತಾರೆ. ಆಮೇಲೆ ಅಸಿಟೋನಿನಲ್ಲಿ (ನೈಲ್ ಪಾಲಿಶ್ ತೆಗೆಯಲು ಬಳಸುವ ದ್ರವ) ನೆನೆಸಿದ ಹತ್ತಿ ಇಟ್ಟು, ಒಂದೊಂದೇ ಬೆರಳಿಗೆ ಫಾಯಿಲ್ ಸುತ್ತಿ, 15-20 ನಿಮಿಷ ಬಿಡುತ್ತಾರೆ. ಅಕ್ರಿಲಿಕ್ ಆದರೆ ಇನ್ನೂ ಜಾಸ್ತಿ ಹೊತ್ತು ಬೇಕು. ಮೆತ್ತಗಾದ ಮೇಲೆ ಮರದ ಕಡ್ಡಿಯಿಂದ ಮೆಲ್ಲಗೆ ತಳ್ಳಿದರೆ ಬರುತ್ತೆ. ಬರಲಿಲ್ಲ ಅಂದರೆ ಮತ್ತೆ ಸುತ್ತಬೇಕು, ಎಬ್ಬಬಾರದು. ಅವಸರದಲ್ಲಿ ಸಂದಿಗೆ ಏನಾದರೂ ತೂರಿಸಿ ಎಬ್ಬಿದರೆ ನಿಮ್ಮ ಸ್ವಂತ ಉಗುರಿನ ಮೇಲ್ಪದರವೂ ಜೊತೆಗೇ ಕಿತ್ತು ಬರುತ್ತೆ. ಉಗುರು ಹಪ್ಪಳದ ಹಾಗೆ ತೆಳ್ಳಗಾಗಿ, ಬಿಸಿನೀರು ತಾಗಿದರೂ ಉರಿಯುತ್ತೆ. ಕೈಯುಗುರು ತಿಂಗಳಿಗೆ ಬೆಳೆಯುವುದು ಸುಮಾರು 3 ಮಿಲಿಮೀಟರ್. ಪೂರ್ತಿ ಹೊಸದು ಬರಲು ಹತ್ತಿರ ಹತ್ತಿರ 6 ತಿಂಗಳು ಬೇಕು.

ಯಾವುದನ್ನು ಹಾಕುತ್ತಾರೆ ಅನ್ನುವುದನ್ನೂ ಕೇಳಿ. ಅಕ್ರಿಲಿಕ್ ಅಂದರೆ ದ್ರವ ಮತ್ತು ಪುಡಿ ಸೇರಿಸಿ ಬ್ರಶ್‌ನಲ್ಲಿ ಕಟ್ಟುವುದು. ಸಾಫ್ಟ್ ಜೆಲ್ ಅಂದರೆ ಉಗುರಿನ ಆಕಾರದ ರೆಡಿಮೇಡ್ ಟಿಪ್ ಅಂಟಿಸಿ ಲ್ಯಾಂಪಿನ ಕೆಳಗೆ ಗಟ್ಟಿ ಮಾಡುವುದು. ಇವೆರಡೂ ಅಸಿಟೋನಿಗೆ ಕರಗುತ್ತವೆ. ಹಾರ್ಡ್ ಜೆಲ್ ಕರಗುವುದಿಲ್ಲ, ಫೈಲ್ ಮಾಡಿಯೇ ಇಳಿಸಬೇಕು. ಅದಕ್ಕೆ ಪಳಗಿದ ಕೈ ಬೇಕು. ಹಾಗಾಗಿ ಮೊದಲ ಸಲಕ್ಕೆ ಸಾಫ್ಟ್ ಜೆಲ್ ಸಾಕು ಅನ್ನುತ್ತೇನೆ ನಾನು.

ಅಕ್ರಿಲಿಕ್ಕೇ ಬೇಕು ಅನ್ನಿಸಿದರೆ ದ್ರವದ ಬಾಟಲಿ ತೋರಿಸಿ ಅಂತ ಕೇಳಿ. ಅದು ಇಎಂಎ, ಅಂದರೆ ಈಥೈಲ್ ಮೆಥಾಕ್ರಿಲೇಟ್ ಆಗಿರಬೇಕು. ಎಂಎಂಎ, ಅಂದರೆ ಮೀಥೈಲ್ ಮೆಥಾಕ್ರಿಲೇಟ್ ಬೇಡವೇ ಬೇಡ. ಅದು ಅಗ್ಗ, ತುಂಬಾ ಗಟ್ಟಿ, ಅಸಿಟೋನಿಗೆ ಸುಲಭಕ್ಕೆ ಬಗ್ಗುವುದಿಲ್ಲ. ಎಲ್ಲಿಗಾದರೂ ಬಡಿದರೆ ಕೃತಕ ಉಗುರು ಮುರಿಯುವ ಬದಲು ನಿಮ್ಮ ಉಗುರೇ ಬುಡದಿಂದ ಎದ್ದುಬರಬಹುದು. ಬರೀ ಎಂಎಂಎ ಇದ್ದ ಇಂಥ ದ್ರವಗಳ ಮೇಲೆ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1970ರ ದಶಕದಲ್ಲೇ ಕ್ರಮ ಕೈಗೊಂಡಿತ್ತು. ಲೇಬಲ್ ಇಲ್ಲದ ಬಾಟಲಿ ಕಂಡರೆ ಎದ್ದು ಬನ್ನಿ. ಸಂಕೋಚ ಬೇಡ, ಕೈ ನಿಮ್ಮದು.

ಇನ್ನೊಂದು ವಿಷಯಕ್ಕೆ ಕೂತಲ್ಲೇ ಕಣ್ಣಿಟ್ಟಿರಿ. ಗಟ್ಟಿಯಾಗದ ಜೆಲ್ ಆಗಲಿ, ಅಕ್ರಿಲಿಕ್ ದ್ರವ ಆಗಲಿ ಚರ್ಮಕ್ಕೆ ತಾಗಬಾರದು. ಬ್ರಶ್ ಉಗುರಿನ ಬುಡಕ್ಕೆ ಬಂದಾಗ ಗಮನಿಸಿ. ಚರ್ಮಕ್ಕೂ ಜೆಲ್ಲಿಗೂ ನಡುವೆ ಕೂದಲೆಳೆಯಷ್ಟು ಜಾಗ ಇರಬೇಕು. ಅಂಚಿಗೆ ಹರಿದರೆ ಲ್ಯಾಂಪಿಗೆ ಕೈ ಇಡುವ ಮೊದಲೇ ಒರೆಸಲು ಹೇಳಿ. ಇಷ್ಟು ಒತ್ತಿ ಹೇಳಲು ಕಾರಣ ಇದೆ. ಇವುಗಳಲ್ಲಿರುವ ಅಕ್ರಿಲೇಟ್‌ಗಳು ಮತ್ತೆ ಮತ್ತೆ ಚರ್ಮಕ್ಕೆ ತಾಗಿದರೆ ಅಲರ್ಜಿ ಶುರುವಾಗಬಹುದು, ಶುರುವಾದರೆ ಸಾಮಾನ್ಯವಾಗಿ ಜೀವನಪೂರ್ತಿ ಹೋಗುವುದಿಲ್ಲ. ಉಗುರಿನ ಸುತ್ತ ತುರಿಕೆ, ಸಣ್ಣ ಗುಳ್ಳೆ, ಕೆಲವರಿಗೆ ಕಣ್ಣಿನ ರೆಪ್ಪೆಯೂ ಊದಿಕೊಳ್ಳುತ್ತೆ. ಇದೇ ಜಾತಿಯ ರಾಸಾಯನಿಕಗಳು ಹಲ್ಲಿನ ಫಿಲ್ಲಿಂಗಿನಲ್ಲೂ, ಮಂಡಿ ಬದಲಾಯಿಸುವಾಗ ಬಳಸುವ ಬೋನ್ ಸಿಮೆಂಟಿನಲ್ಲೂ ಇರುತ್ತವೆ. ಮುಂದೆ ಅಲ್ಲೂ ತೊಂದರೆ ಆಗಬಹುದು. ತುರಿಕೆ ಬಂದರೆ ಸಹಿಸಿಕೊಂಡು ಇರಬೇಡಿ, ತೆಗೆಸಿ. ಬಾಟಲಿ ಮೇಲೆ ಹೇಮಾ-ಫ್ರೀ (ಹೇಮಾ ಅನ್ನುವುದು ಅಲರ್ಜಿ ತರುವ ಇಂಥದ್ದೇ ಒಂದು ರಾಸಾಯನಿಕ, ಅದು ಇಲ್ಲದ್ದು) ಅಂತ ಬರೆದಿದ್ದರೆ ಒಳ್ಳೆಯದೇ, ಆದರೆ ಅದರಲ್ಲೂ ಬೇರೆ ಅಕ್ರಿಲೇಟ್‌ಗಳು ಇರುತ್ತವೆ. ಲ್ಯಾಂಪಿನ ಕೆಳಗೆ ಜೆಲ್ ಗಟ್ಟಿಯಾಗಲೆಂದು ಹಾಕುವ ಟಿಪಿಒ ಅನ್ನುವ ಪದಾರ್ಥವನ್ನು ಸೌಂದರ್ಯ ಸಾಮಗ್ರಿಗಳಲ್ಲಿ ಯುರೋಪಿನ ಒಕ್ಕೂಟ 2025ರ ಸೆಪ್ಟೆಂಬರ್ 1ರಿಂದ ನಿಷೇಧಿಸಿದೆ, ಅದಿಲ್ಲದ ಜೆಲ್ ಇದೆಯಾ ಅಂತಲೂ ಕೇಳಬಹುದು.

ಕ್ಯೂಟಿಕಲ್, ಅಂದರೆ ಉಗುರಿನ ಬುಡದ ತೆಳು ಚರ್ಮ, ಕತ್ತರಿಸಲು ಬಿಡಬೇಡಿ, ಹಿಂದೆ ತಳ್ಳಿದರೆ ಸಾಕು. ಅದು ಸೋಂಕು ಒಳಗೆ ಹೋಗದಂತೆ ತಡೆಯುವ ಬೇಲಿ. ಡ್ರಿಲ್ ಮಷೀನಿನಿಂದ ಉಗುರು ಉಜ್ಜುವಾಗ ಬಿಸಿ ಅನ್ನಿಸಿದರೆ ತಕ್ಷಣ ನಿಲ್ಲಿಸಲು ಹೇಳಿ. ಲ್ಯಾಂಪಿನೊಳಗೆ ಜೆಲ್ ಗಟ್ಟಿಯಾಗುವಾಗಲೂ ಚುರ್ ಅನ್ನುತ್ತೆ, ಕೈ ಒಂದು ಕ್ಷಣ ಹೊರಗೆ ತೆಗೆದು ಮತ್ತೆ ಇಡಿ. ಎಲ್ಇಡಿ ಲ್ಯಾಂಪ್ ಅಂದರೂ ಅದರಿಂದ ಬರುವುದು ಯುವಿ ಬೆಳಕೇ. ಕೈಗೆ ಸನ್‌ಸ್ಕ್ರೀನ್ ಹಚ್ಚಿಕೊಂಡು ಹೋಗಿ, ಇಲ್ಲವಾದರೆ ಬೆರಳ ತುದಿ ಕತ್ತರಿಸಿದ ಗ್ಲೌಸ್ ಹಾಕಿಕೊಳ್ಳಿ.

ಮದುವೆ ಅಂದಿರಲ್ವಾ, ದಿನ ನೋಡಿಕೊಳ್ಳಿ. ಅರಿಶಿನ ಶಾಸ್ತ್ರಕ್ಕೆ ಮುಂಚೆ ತಿಳಿ ಬಣ್ಣದ ಜೆಲ್ ಹಾಕಿಸಿದರೆ ಅದು ಹಳದಿಯಾಗುತ್ತೆ. ಶಾಸ್ತ್ರ ಮುಗಿದ ಮೇಲೆ ಹಾಕಿಸಿ, ಆಗದಿದ್ದರೆ ಗಾಢ ಬಣ್ಣ ಆರಿಸಿ. ಮೆಹಂದಿ ಹಾಕಿಸಿಕೊಂಡ ಮೇಲೆ ಅಸಿಟೋನಿನಲ್ಲಿ ಬೆರಳು ನೆನೆಸಿದರೆ ತುದಿಯ ಬಣ್ಣ ಮಂಕಾಗುತ್ತೆ, ಹಾಗಾಗಿ ಹಳೆಯದೇನಾದರೂ ಇದ್ದರೆ ಮೆಹಂದಿಗೆ ಮುಂಚೆಯೇ ತೆಗೆಸಿ. ಉದ್ದ ಮಾತ್ರ ಬೇಡ. ಬೆರಳ ತುದಿಯಿಂದ ಸ್ವಲ್ಪವೇ ಆಚೆ ಬರುವಷ್ಟು ಸಾಕು. ಸೀರೆಯ ನೆರಿಗೆಗೆ ಪಿನ್ ಹಾಕುವುದು, ಬ್ಲೌಸಿನ ಹುಕ್, ಕಾಂಟ್ಯಾಕ್ಟ್ ಲೆನ್ಸ್, ಬಾಳೆ ಎಲೆ ಮೇಲೆ ಅನ್ನ ಸಾರು ಕಲಸುವುದು, ಎಲ್ಲಕ್ಕೂ ಬೆರಳ ತುದಿಯೇ ಬೇಕು. ಉದ್ದ ಇದ್ದಷ್ಟೂ ಬಡಿದಾಗ ಬುಡಕ್ಕೆ ಬೀಳುವ ಪೆಟ್ಟೂ ಜೋರು.

ಬರೀ ಮದುವೆಯ ಎರಡು ದಿನಕ್ಕೆ ಅಂದರೆ ಪ್ರೆಸ್-ಆನ್ ಉಗುರನ್ನೂ, ಅಂದರೆ ಮನೆಯಲ್ಲೇ ಅಂಟಿಸಿಕೊಳ್ಳುವ ರೆಡಿಮೇಡ್ ಉಗುರನ್ನೂ ಯೋಚಿಸಿ. ಗೋಂದಿನ ಬದಲು ಅಂಟಿನ ಟ್ಯಾಬ್ (ಎರಡೂ ಬದಿ ಅಂಟುವ ಸಣ್ಣ ಸ್ಟಿಕ್ಕರ್) ಬಳಸಿದರೆ ಬೆಚ್ಚಗಿನ ಸೋಪು ನೀರಿನಲ್ಲಿ ನೆನೆಸಿ ಬಿಡಿಸಬಹುದು. ಉಗುರಿಗೆ ಫಂಗಸ್, ಗಾಯ, ಸೋರಿಯಾಸಿಸ್ ಇದ್ದರೆ ಸದ್ಯಕ್ಕೆ ಏನೂ ಹಾಕಿಸಬೇಡಿ. ನೀವು ನರ್ಸ್ ಕೆಲಸದಲ್ಲಿದ್ದರೂ ಬೇಡ, ರೋಗಿಗಳನ್ನು ಮುಟ್ಟುವವರು ಕೃತಕ ಉಗುರು ಹಾಕಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕೈ ಶುಚಿತ್ವದ ಮಾರ್ಗಸೂಚಿಯಲ್ಲೇ ಇದೆ.

ಹಾಕಿಸಿದ ಮೇಲೆ ದಿನಾ ಉಗುರಿನ ಬುಡಕ್ಕೆ ಒಂದು ಹನಿ ಕೊಬ್ಬರಿ ಎಣ್ಣೆ ಹಚ್ಚಿ. ಪಾತ್ರೆ ತೊಳೆಯುವಾಗ ಗ್ಲೌಸ್ ಇರಲಿ. ಅಕ್ರಿಲಿಕ್ ಬೆಂಕಿ ಹಿಡಿಯುವ ವಸ್ತು, ಒಲೆಯ ಹತ್ತಿರ ಹುಷಾರು. ಎರಡು ಮೂರು ವಾರಕ್ಕೆ ಬುಡದಲ್ಲಿ ಸಂದಿ ಕಾಣುತ್ತೆ, ಆಗ ಇನ್‌ಫಿಲ್ ಮಾಡಿಸಬೇಕು, ಅಂದರೆ ಆ ಸಂದಿ ತುಂಬಿಸಬೇಕು, ಇಲ್ಲವೇ ಪೂರ್ತಿ ತೆಗೆಸಬೇಕು. ಅಂಚು ಎದ್ದಿದೆ ಅಂತ ಮನೆಯಲ್ಲಿ ಫೆವಿಕ್ವಿಕ್ ಹಾಕಿ ಕೂರಿಸಬೇಡಿ. ಒಳಗೆ ನೀರು ನಿಂತು ಬ್ಯಾಕ್ಟೀರಿಯಾ ಬೆಳೆದರೆ ಉಗುರು ಹಸಿರಾಗುತ್ತೆ. ಹಸಿರು ಕಂಡರೆ ಬಣ್ಣ ಬಳಿದು ಮುಚ್ಚಬೇಡಿ. ತೆಗೆಸಿ, ಉಗುರನ್ನು ಒಣಗಿಸಿಟ್ಟುಕೊಂಡು ಚರ್ಮದ ಡಾಕ್ಟರಿಗೆ ತೋರಿಸಿ.